ಗಂಜವ್ವ ನುಂಗಿದ ನೂಲು

ನಾನು ಒಂದು ಬೆಕ್ಕು. ಇಳಕಲ್ಲಿನ ಒಂದು ನೂಲಿನ ಅಂಗಡಿಯ ಹಿಂಬದಿಯಲ್ಲಿ, ಮೂಟೆಗಳ ಸಂದಿನಲ್ಲಿ ಹುಟ್ಟಿದೆ. ಜೊತೆಗೆ ಹುಟ್ಟಿದವರು ಎಲ್ಲಿ ಹೋದರೋ ಗೊತ್ತಿಲ್ಲ. ನಮ್ಮಲ್ಲಿ ಆ ವಿಚಾರಣೆ ಇಲ್ಲ. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಅಂಗಡಿಯ ಸಾವಕಾರನ ಹಿಮ್ಮಡಿ. ಅಂದಿನಿಂದ ಮನುಷ್ಯರನ್ನು ಕೆಳಗಿನಿಂದಲೇ ತಿಳಿದುಕೊಳ್ಳುತ್ತ ಬಂದಿದ್ದೇನೆ. ಮುಖಕ್ಕಿಂತ ಪಾದ ಕಡಿಮೆ ಸುಳ್ಳು ಹೇಳುತ್ತದೆ.

ಇಲಿ ನೂಲು ಕಡಿಯುತ್ತದೆ, ಆದ್ದರಿಂದ ನೇಕಾರರ ಮನೆಗೆ ಬೆಕ್ಕು ಬೇಕು. ನೇಕಾರ ಅಂದಾನಪ್ಪ ನನ್ನನ್ನು ಕೇಳಿ ಪಡೆದ. ಬೆಕ್ಕನ್ನು ಒಯ್ಯುವುದಕ್ಕೆ ಇಲ್ಲಿ ಒಂದು ಪದ್ಧತಿಯಿದೆ. ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಹೊತ್ತವರು ದಾರಿಯಲ್ಲಿ ನಿಂತು ಮೂರು ಸಲ ಗಿರಗಿರನೆ ತಿರುಗುತ್ತಾರೆ. ಹಾಗೆ ಮಾಡಿದರೆ ಬೆಕ್ಕು ದಾರಿ ಮರೆತು ಹೊಸ ಮನೆಯಲ್ಲೇ ನಿಲ್ಲುತ್ತದಂತೆ. ಅಂದಾನಪ್ಪ ತಿರುಗಿದ. ನಾನು ಚೀಲದೊಳಗೇ ವಾಂತಿ ಮಾಡಿಕೊಂಡೆ. ಹೊರಗೆ ಬಂದಾಗ ಬೇರೊಂದು ಊರಿಗೆ ಬಂದಿದ್ದೇನೆಂದು ನಂಬಿದೆ.

ಆ ಮನೆಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ಒಂದು ಕುಣಿ. ಅಂದಾನಪ್ಪ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಮಗ್ಗ ತುಳಿಯುತ್ತಿದ್ದ. ಕುಣಿ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಅಲ್ಲಿ ಅವನ ಪಾದದ ಪಕ್ಕ ಮಲಗಿದೆ, ಅದೇ ನನ್ನ ಜಾಗವಾಯಿತು. ಇಲಿ ಹಿಡಿದೆ, ಮರಿ ಹಾಕಿದೆ, ಮರಿಗಳು ಒಂದೊಂದಾಗಿ ಚೀಲದಲ್ಲಿ ಹೋದವು. ನೂಲನ್ನು ಮಗ್ಗಕ್ಕೆ ಏರಿಸುವ ಮುಂಚೆ ಅದಕ್ಕೆ ಗಂಜಿ ತೀಡುತ್ತಾರೆ. ಆ ಗಂಜಿಯ ಬೋಗುಣಿ ನೆಕ್ಕುವುದು ನನ್ನ ಚಟ. ಅಂದಾನಪ್ಪನ ಹೆಂಡತಿ ಹುಲಿಗೆವ್ವ ಅದನ್ನು ನೋಡಿಯೇ ನನಗೆ ಗಂಜವ್ವ ಎಂದು ಹೆಸರಿಟ್ಟಳು.

ವಯಸ್ಸಾಯಿತು. ಹಲ್ಲು ಹೋದವು. ಒಂದು ಇಲಿ ನನ್ನ ಮುಂದೆಯೇ ನಡೆದುಹೋಯಿತು. ಓಡಲಿಲ್ಲ, ನಡೆದು ಹೋಯಿತು. ನಾನು ನೋಡಿದೆ, ಅಂದಾನಪ್ಪನೂ ನೋಡಿದ. ಅವನು ಮತ್ತೆ ಮಗ್ಗ ತುಳಿಯತೊಡಗಿದ.

ಒಂದು ಮಧ್ಯಾಹ್ನ ಕುಣಿಯೊಳಗೆ ಕೆಂಪು ನೂಲಿನ ತುಂಡೊಂದು ಬಿತ್ತು. ಗಂಜಿಯ ವಾಸನೆ ಬಂತು, ನೆಕ್ಕಿದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಒಳಮುಖ. ಒಮ್ಮೆ ಒಳಗೆ ಹೊರಟದ್ದನ್ನು ಉಗುಳಲು ಬರುವುದಿಲ್ಲ. ನೂಲು ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಒಂದು ತುದಿ ಹೊಟ್ಟೆಗೆ ಇಳಿಯಿತು. ಇನ್ನೊಂದು ಗಡ್ಡದಂತೆ ಬಾಯಿಂದ ಇಳಿಬಿತ್ತು.

ಅಂದಾನಪ್ಪ ಅದನ್ನು ಕಂಡ. ಬೇರೆಯವರಾಗಿದ್ದರೆ ಎಳೆಯುತ್ತಿದ್ದರು. ಅವನು ಎಳೆಯಲಿಲ್ಲ. ಕೈಗೆ ಸಿಕ್ಕ ಎಳೆಯ ತುದಿಯನ್ನು ಕಳೆದುಕೊಳ್ಳದಿರುವುದೇ ಅವನ ಜೀವಮಾನದ ಕಸುಬು. ತುದಿ ಒಳಗೆ ಹೋಗಿಬಿಟ್ಟರೆ ಗತಿಯೇನೆಂದು, ಬೆರಳಿಗೆ ಎಂಜಲು ಹಚ್ಚಿ, ಅದಕ್ಕೆ ಇನ್ನೊಂದು ಉದ್ದನೆಯ ಬಿಳಿ ಎಳೆಯನ್ನು ಜೋಡಿಸಿದ. ಗಂಟು ಕಣ್ಣಿಗೂ ಕಾಣದಷ್ಟು ಸಣ್ಣದು. ಆಮೇಲೆ ಹೆಂಡತಿಯನ್ನು ಕರೆಯಲು ಒಳಗೆ ಹೋದ.

ಅವರು ಬರುವಷ್ಟರಲ್ಲಿ ನಾನು ಬಿಳಿ ಎಳೆಯನ್ನೂ ನುಂಗಿದ್ದೆ. ಅದಕ್ಕೂ ಗಂಜಿ ಇತ್ತು.

ಮರುದಿನ ಬೆಳಿಗ್ಗೆ ಏಳಲಾಗಲಿಲ್ಲ. ನೀರು ಕುಡಿದರೆ ವಾಂತಿ. ಹೊಟ್ಟೆಯೊಳಗೆ ಯಾರೋ ಕರುಳನ್ನು ನೆರಿಗೆ ಹಿಡಿದ ಹಾಗೆ. ಹುಲಿಗೆವ್ವ ಚೀಲ ತಂದಳು. ಅದನ್ನು ನೋಡಿದಾಗ ನನಗೆ ಅರ್ಥವಾಯಿತು, ಅಥವಾ ಆಯಿತೆಂದುಕೊಂಡೆ. ಇಲಿ ಹಿಡಿಯದ ಬೆಕ್ಕು. ಬಿಟ್ಟು ಬರುತ್ತಾರೆ. ದುಃಖವೇನೂ ಆಗಲಿಲ್ಲ. ಎಲ್ಲಿಗೆ ಎನ್ನುವುದೊಂದೇ ಕುತೂಹಲ.

ಓಣಿಯ ತಿರುವಿನಲ್ಲಿ ಅಂದಾನಪ್ಪ ನಿಂತು, ಚೀಲ ಹೊತ್ತ ಅಭ್ಯಾಸಬಲದಿಂದ ತಿರುಗತೊಡಗಿದ. ಹುಲಿಗೆವ್ವ ಅವನ ರಟ್ಟೆ ಹಿಡಿದಳು.

“ದವಾಖಾನಿಗ್ರಿ ಹೊಂಟಿದ್ದು. ಬಿಟ್ಟು ಬರಾಕಲ್ಲ.”

ದವಾಖಾನಿ ಯಾರ ಮನೆ ಎಂದು ಚೀಲದೊಳಗೆ ಯೋಚಿಸುತ್ತ ಹೋದೆ.

ಅದು ದನದ ದವಾಖಾನೆ. ಹೊರಗೆ ಕಟ್ಟಿದ್ದ ಎಮ್ಮೆಯೊಂದು ನನ್ನನ್ನು ನೋಡಿ, ಇಷ್ಟು ಸಣ್ಣದಕ್ಕೂ ಒಂದು ಕಾಯಿಲೆಯೇ ಎನ್ನುವ ಹಾಗೆ ಮುಖ ತಿರುಗಿಸಿತು. ಡಾಕ್ಟರು ಎತ್ತಿನ ಗೊರಸು ನೋಡಿ ಮುಗಿಸಿ ಬಂದರು. ಹುಲಿಗೆವ್ವ ನನ್ನನ್ನು ಹಳೆಯ ಸೀರೆಯಲ್ಲಿ ಬಿಗಿಯಾಗಿ ಸುತ್ತಿದಳು. ಡಾಕ್ಟರು ನನ್ನ ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಒಳಗೆ ಬೆಳಕು ಬಿಟ್ಟರು.

“ಎಳದ್ರ ಕರುಳು ಹರೀತೈತಿ. ಎಳದಿಲ್ಲಲ್ಲ?”

“ಇಲ್ರಿ,” ಎಂದ ಅಂದಾನಪ್ಪ. ಆಮೇಲೆ ಮೆಲ್ಲಗೆ, “ಜೋಡಿಸೀನ್ರಿ,” ಎಂದ.

ಡಾಕ್ಟರು ಅವನ ಮುಖವನ್ನೇ ನೋಡಿದರು. ಹುಲಿಗೆವ್ವ ನಡುವೆ ಬಾಯಿ ಹಾಕಿ, “ಇವರು ಜೋಡಸೂದಷ್ಟ ಕಲ್ತಾರ್ರಿ. ಹಾಸಗ್ಯಾಗ ಮಲಗಿದ್ರೂ ಬೆರಳು ಎಳಿ ಹುಡುಕ್ತಾವ,” ಎಂದಳು.

ಡಾಕ್ಟರು ನಾಲಿಗೆಯ ಬುಡಕ್ಕೆ ಸುತ್ತಿದ್ದ ನೂಲನ್ನು ಕತ್ತರಿಸಿ ಒಳಗೆ ಬಿಟ್ಟರು. ಕತ್ತರಿ ಕಚಕ್ಕೆಂದಾಗ ಅಂದಾನಪ್ಪ ಕಣ್ಣು ಮುಚ್ಚಿಕೊಂಡ. ಚರ್ಮದಡಿ ನೀರು ಏರಿಸಿ, ಸೂಜಿ ಚುಚ್ಚಿ, ಡಾಕ್ಟರು ಹೇಳಿದರು: “ನಾಳೆ ಸಂಜಿ ಅನ್ನೂದ್ರೊಳಗ ನೂಲು ಹೊರಗ ಬಂದ್ರ ಬದಕತೈತಿ. ಇಲ್ಲಂದ್ರ ಹೊಟ್ಟಿ ಕೊಯ್ಯಬೇಕು. ಈ ವಯಸ್ಸಿಗೆ ತಡಕೊಳ್ಳೂದು ಕಷ್ಟ. ಹೋಗೂವಾಗ ಚೀಲದ ಬಾಯಿ ತಗದಿಡ್ರಿ, ಗಾಳಿ ಆಡ್ಲಿ.”

ಹಾಗಾಗಿ ಮೊದಲ ಬಾರಿಗೆ ಚೀಲದಿಂದ ತಲೆ ಹೊರಗಿಟ್ಟು ದಾರಿ ನೋಡಿದೆ. ಮನೆಯ ಹತ್ತಿರ ಬಂದಾಗ ಒಂದು ಅಂಗಡಿ ಕಂಡಿತು. ಹೊರಗೆ ಮೂಟೆಗಳು, ನೂಲಿನ ಒಣ ವಾಸನೆ. ಅದು ನಾನು ಹುಟ್ಟಿದ ಅಂಗಡಿ. ನಮ್ಮ ಓಣಿಯಿಂದ ಎರಡೇ ಓಣಿ ಆಚೆ. ಇಷ್ಟು ಕಾಲ ಬೇರೆ ಊರು ಎಂದುಕೊಂಡಿದ್ದೆ. ಮೂರು ಸುತ್ತಿನ ಮಹಿಮೆ.

ಮರುದಿನ ಮಗ್ಗ ನಿಂತಿತ್ತು. ಹಿತ್ತಲಿನ ಮರಳಿನ ಗುಡ್ಡೆ ನನ್ನ ಶೌಚದ ಜಾಗ. ಅಲ್ಲಿಗೆ ನಾನು ತೂರಾಡುತ್ತ ಹೋದಾಗಲೆಲ್ಲ ಗಂಡಹೆಂಡತಿ ಹಿಂದೆಯೇ ಬಂದು ನಿಲ್ಲುತ್ತಿದ್ದರು. ಬೆಕ್ಕಿಗೂ ಮಾನವಿರುತ್ತದೆ. ಬೆನ್ನು ತಿರುಗಿಸಿ ಕೂತೆ. ಬರಿಗೈಯಲ್ಲಿ ಮರಳಿದೆ. ಹುಲಿಗೆವ್ವ ಅಡಿಗೆ ಮಾಡಲಿಲ್ಲ, ಅಂದಾನಪ್ಪ ಊಟ ಕೇಳಲಿಲ್ಲ.

ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ನೂಲು ಬಂತು. ಅಂದಾನಪ್ಪ ಕುಕ್ಕರಗಾಲಲ್ಲಿ ಕೂತು, ಅದನ್ನು ಕಡ್ಡಿಯಿಂದ ಬಿಡಿಸಿ, ನೀರು ಹುಯ್ದು ಮುಖದ ಹತ್ತಿರ ಹಿಡಿದ. ಕೆಂಪು, ಆಮೇಲೆ ಬಿಳಿ.

“ಗಂಟು ಬಿಚ್ಚಿಲ್ಲ ನೋಡು,” ಎಂದ.

“ಹೂಂ. ನೀವು ನೇಯ್ದ ಸೀರಿ ಉಟ್ಟವರು ಯಾರೂ ಹಿಂಗ ತಪಾಸ ಮಾಡಂಗಿಲ್ಲ ಬಿಡ್ರಿ,” ಎಂದು ಹುಲಿಗೆವ್ವ ಸೆರಗಿನಿಂದ ಕಣ್ಣೊರಸಿಕೊಂಡು, ಗಂಜಿ ಬೋಗುಣಿ ತಂದು ನನ್ನ ಮುಂದಿಟ್ಟಳು. ನೆಕ್ಕಿದೆ. ವಾಂತಿಯಾಗಲಿಲ್ಲ.

ಈಗ ಅಂದಾನಪ್ಪ ತುಂಡು ನೂಲುಗಳನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಾನೆ. ನನಗೆ ಕಿವಿ ಮಂದವಾಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಅಂಗಡಿಯ ದಾರಿ ಗೊತ್ತಿದೆ, ಹೋಗಿಲ್ಲ. ಅಲ್ಲಿ ಬೇರೆ ಬೆಕ್ಕಿರುತ್ತದೆ, ಅದಕ್ಕೆ ಹಲ್ಲೂ ಇರುತ್ತವೆ. ಆದರೆ ದಾರಿ ಗೊತ್ತಿದ್ದೂ ಇಲ್ಲೇ ಇರುವುದಕ್ಕೂ ಗೊತ್ತಿಲ್ಲದೆ ಇರುವುದಕ್ಕೂ ವ್ಯತ್ಯಾಸವಿದೆ ಎಂದು ಕುಣಿಯಲ್ಲಿ ಮಲಗಿದಾಗ ಅನ್ನಿಸುತ್ತದೆ.

ಬೆಳಿಗ್ಗೆ ಅವನ ಪಾದ ಕುಣಿಗೆ ಇಳಿಯುತ್ತದೆ. ಮೊದಲು ಹಾಗೇ ತುಳಿಯಲು ಶುರು ಮಾಡುತ್ತಿದ್ದ. ಈಗ ಹೆಬ್ಬೆರಳಿನಿಂದ ನನ್ನ ಬೆನ್ನನ್ನು ಒಮ್ಮೆ ಒತ್ತಿ ನೋಡಿ, ಕಾಯುತ್ತಾನೆ. ನಾನು ಬಾಲ ಅಲ್ಲಾಡಿಸುತ್ತೇನೆ. ಆಮೇಲೆ ಮಗ್ಗ ಶುರುವಾಗುತ್ತದೆ.