ಏಳೂ ಫ್ಯಾನು ಹೊರಕ್ಕೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ಮಲ್ಲಿಕಾರ್ಜುನಸ್ವಾಮಿಯ ಫೋಟೊ ಸ್ಟುಡಿಯೊದಲ್ಲಿ ಎಲ್ಲ ವಸ್ತುಗಳೂ ರಸ್ತೆಯ ಕಡೆಗೆ ಮುಖ ಮಾಡಿವೆ. ಗೋಪಾಲಸ್ವಾಮಿ ಬೆಟ್ಟದ ಮಂಜಿನ ದೊಡ್ಡ ಫೋಟೊ ಹಾಗೆ, ಮದುವೆ ಆಲ್ಬಂಗಳು ಹಾಗೆ, ಛಾಯಾಗ್ರಾಹಕರ ಸಂಘದವರು ಕೊಟ್ಟ ಸ್ಮರಣಿಕೆಯೂ ಹಾಗೆ. ಗೋಡೆ ಗಡಿಯಾರವನ್ನು ಸಹ ಕಿಟಕಿ ಗಾಜಿನ ಹಿಂದೆ ಹೊರಮುಖವಾಗಿ ತೂಗುಹಾಕಲಾಗಿದೆ. ಒಳಗೆ ಕೂತು ಕೆಲಸ ಮಾಡುವವರು ಅದರಲ್ಲಿ ಗಂಟೆ ನೋಡಬೇಕಾದರೆ ಎದ್ದು ಬೀದಿಗೆ ಹೋಗಬೇಕು.

ಒಳಗೆ ಕೂತು ಕೆಲಸ ಮಾಡುವವಳು ಶಿವರಂಜಿನಿ ಒಬ್ಬಳೇ. ದಿನಾ ಬೇಗೂರಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಮಾಲೀಕ ತೆಗೆದ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಸಂಗೀತ ಹಾಕಿ, ಜನ ನೋಡುವಂತೆ ಮಾಡುವುದು ಅವಳ ಕೆಲಸ. ಅವಳಿಗೆಂದು ಈ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಹೊಸ ಕಂಪ್ಯೂಟರ್ ಬಂತು. ಬಂದದ್ದು ಅವಳಿಗೆಂದು, ಇಟ್ಟದ್ದು ರಸ್ತೆಗೆಂದು.

ಅದನ್ನು ಜೋಡಿಸಿಕೊಟ್ಟವನು ಚಾಮರಾಜನಗರದ ಸಾಗರ್. ಪೆಟ್ಟಿಗೆಯ ಮುಂಬದಿ, ರಸ್ತೆ ಕಡೆಯ ಪಕ್ಕ ಎರಡೂ ಗಾಜು, ಮೀನಿನ ತೊಟ್ಟಿಯ ಹಾಗೆ. ಗಾಜಿನ ಪಕ್ಕಕ್ಕೆ ಎದುರಾದ, ಅಂಗಡಿ ಒಳಗಿನ ಪಕ್ಕದ ಜಾಲರಿಗೆ ಮೂರು ಫ್ಯಾನು, ಮೇಲೆ ಮೂರು, ಹಿಂದೆ ಒಂದು. ಏಳಕ್ಕೂ ಬಣ್ಣದ ದೀಪ. ಈ ಫ್ಯಾನುಗಳಿಗೆ ಒಂದು ಮುಖ, ಒಂದು ಬೆನ್ನು. ದೀಪ ಅಂದವಾಗಿ ಕಾಣುವ ಮುಖದ ಕಡೆಯಿಂದ ಗಾಳಿ ನುಗ್ಗಿ, ಮೋಟಾರು ಹಿಡಿದ ಪಟ್ಟಿಗಳಿರುವ ಬೆನ್ನಿನ ಕಡೆ ಹೊರಬೀಳುತ್ತದೆ. ಸಾಗರ್ ಮೊದಲು ಸರಿಯಾಗಿಯೇ ಕೂರಿಸಿದ್ದ. ಪಕ್ಕದ ಮೂರು ತಂಪು ಗಾಳಿಯನ್ನು ಒಳಗೆ ಎಳೆಯಬೇಕು, ಮೇಲಿನ ಮೂರು ಮತ್ತು ಹಿಂದಿನದೊಂದು ಬಿಸಿಗಾಳಿಯನ್ನು ಹೊರಹಾಕಬೇಕು.

ಮಲ್ಲಿಕಾರ್ಜುನಸ್ವಾಮಿ ರಸ್ತೆ ದಾಟಿ, ಎದುರಿನ ಬೇಕರಿಯ ಮೆಟ್ಟಿಲ ಮೇಲೆ ನಿಂತು ತನ್ನ ಅಂಗಡಿಯನ್ನು ನೋಡಿದ. ಅಲ್ಲಿಂದಲೇ ಕೂಗಿದ.

"ಯಾಕ್ಲಾ ಸಾಗರ, ಆ ಮೂರು ಮಾತ್ರ ಬೆನ್ನು ತೋರುಸ್ಕಂಡು ಕುಂತವೆ?"

"ಅವು ಗಾಳಿ ಒಳೀಕೆ ಎಳ್ಕಳವು ಅಣ್ಣ. ಅಂಗೇ ಇರ್ಬೇಕು."

"ಗಿರಾಕಿಗೆ ಬೆನ್ನು ತೋರ್ಸಕ್ಕೆ ನಾನು ಅಂಗಡಿ ಇಟ್ಟಿವ್ನಾ? ತಿರುಗ್ಸ್ಲಾ."

ಸಾಗರ್ ತಿರುಗಿಸಿದ. ಗಿರಾಕಿ ಹೇಳಿದಂತೆ ಮಾಡಿಕೊಡುವುದಷ್ಟೇ ಅವನು ಕಲಿತ ತಂತ್ರಜ್ಞಾನ. ಈಗ ಏಳೂ ಫ್ಯಾನುಗಳು ಗಾಜಿನ ಕಡೆಗೆ ಮುಖ ಮಾಡಿ ಬೆಳಗಿದವು. ಏಳೂ ಗಾಳಿಯನ್ನು ಹೊರಕ್ಕೆ ಊದತೊಡಗಿದವು.

ಗಾಳಿ ಒಳಗೆ ಬರಲು ಉಳಿದದ್ದು ತಳದ ಜಾಲರಿ, ಹಿಂದಿನ ಕೆಲವು ಸಣ್ಣ ಕಿಂಡಿ. ಆಯುಧಪೂಜೆಯ ದಿನ ಅವುಗಳ ವ್ಯವಸ್ಥೆಯೂ ಆಯಿತು. ಮಣೆಯ ಮೇಲೆ ಕೆಂಪು ಮಖಮಲ್ ಹಾಸಿ, ಅದರ ಮೇಲೆ ಪೆಟ್ಟಿಗೆ ಇಟ್ಟು, ತಳ ಮುಚ್ಚಿದರು. ಹಿಂದಿನ ಕಿಂಡಿಗಳ ಮೇಲೆ ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ದಪ್ಪವಾಗಿ ಎಳೆದರು. ಮೇಲಿನ ಫ್ಯಾನುಗಳ ಮೇಲೆ ಚೆಂಡುಹೂವಿನ ಹಾರ ಮಲಗಿತು. ಪೂಜೆ ಮಾಡಿದ್ದನ್ನು ಮುಂದಿನ ಪೂಜೆವರೆಗೆ ಕದಲಿಸಬಾರದು ಎಂಬುದು ಆ ಅಂಗಡಿಯ ಪದ್ಧತಿ. ಸ್ಕೂಟರಿನ ಮೀಟರಿಗೆ ಹಚ್ಚಿದ ಕುಂಕುಮವನ್ನೂ ಒರೆಸದ ಕಾರಣ, ಅದು ಎಷ್ಟು ಕಿಲೋಮೀಟರ್ ಓಡಿದೆಯೆಂದು ಮಾಲೀಕನಿಗೆ ಗೊತ್ತಿಲ್ಲ.

ಒಂದು ತಿಂಗಳು ಪಾಸ್‌ಪೋರ್ಟ್ ಫೋಟೊ, ಆಲ್ಬಂ ಪುಟಗಳ ಕೆಲಸವಷ್ಟೇ ಇತ್ತು. ಕಂಪ್ಯೂಟರಿಗೆ ಅದು ಆಯಾಸವೇ ಅಲ್ಲ. ಆಮೇಲೆ ಸೋಮಣ್ಣನವರ ಮಗಳು ಬೃಂದಾಳ ಮದುವೆ ಬಂತು.

ಸೋಮಣ್ಣ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ನೌಕರರು. ಆರತಕ್ಷತೆ ಚಾಮರಾಜನಗರದ ಕಲ್ಯಾಣ ಮಂಟಪದಲ್ಲಿ, ಭಾನುವಾರ ಸಂಜೆ ಏಳಕ್ಕೆ. ಆ ಹೊತ್ತಿಗೆ ದೊಡ್ಡ ಪರದೆಯ ಮೇಲೆ ಹನ್ನೆರಡು ನಿಮಿಷದ ಫಿಲಂ ಓಡಬೇಕು. ಮದುವೆಗೆ ಮುಂಚೆ ಹುಡುಗ ಹುಡುಗಿ ಚೆಂಡುಹೂವಿನ ಹೊಲದಲ್ಲಿ ನಿಧಾನವಾಗಿ ಓಡುವ ಫಿಲಂ ಅದು. ಹೊಲದವನು "ಗಿಡ ತುಳೀಬ್ಯಾಡ್ರೋ" ಎಂದು ಕೂಗಿದ್ದನ್ನು ತೆಗೆದು ಶಿವರಂಜಿನಿ ಅಲ್ಲಿ ಕೊಳಲು ಹಾಕಿದ್ದಳು. ಶನಿವಾರ ಸಂಜೆಯವರೆಗೂ ಸೋಮಣ್ಣ ಹಾಡು ಬದಲಿಸುತ್ತಲೇ ಇದ್ದರು. ಹಾಗಾಗಿ ಎಲ್ಲ ತುಣುಕುಗಳನ್ನು ಬೆಸೆದು ಒಂದೇ ಫೈಲ್ ಮಾಡುವ ಕೊನೆಯ ಕೆಲಸ ಭಾನುವಾರಕ್ಕೆ ಉಳಿಯಿತು. ಅದಕ್ಕೆ ಬೇಕಾದದ್ದು ಒಂದು ಗಂಟೆ ನಲವತ್ತು ನಿಮಿಷ. ಅಷ್ಟೂ ಹೊತ್ತು ಕಂಪ್ಯೂಟರ್ ಮೈಮುರಿದು ದುಡಿಯಬೇಕು.

ಬೆಳಿಗ್ಗೆ ಎಂಟೂವರೆಗೆ ಶುರು ಮಾಡಿದಳು. ಮೂವತ್ತೆಂಟನೇ ನಿಮಿಷಕ್ಕೆ ಕಂಪ್ಯೂಟರ್ ತಾನಾಗಿ ಆರಿತು. ಮತ್ತೆ ಮೊದಲಿನಿಂದ ಹಚ್ಚಿದಳು, ಮೂವತ್ತೊಂದಕ್ಕೆ ಆರಿತು. ಮೂರನೇ ಸಲ ಇಪ್ಪತ್ತಾರಕ್ಕೇ. ಪ್ರತಿ ಸಲವೂ ಆರುವ ಮುಂಚೆ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಉಷ್ಣಾಂಶ ನೂರು ಡಿಗ್ರಿ ಮುಟ್ಟುತ್ತಿತ್ತು.

"ಏನು ಮುಟ್ಬುಟ್ಟೆ ನೀನು?" ಮಲ್ಲಿಕಾರ್ಜುನಸ್ವಾಮಿ ಕೇಳಿದ.

"ನಾನೇನೂ ಮುಟ್ಟಿಲ್ಲ ಅಣ್ಣ. ಒಳಗೆ ಕಾದೋಗದೆ. ಗಾಳಿ ಒಳೀಕೆ ಬರಕ್ಕೆ ದಾರಿನೇ ಇಲ್ಲ."

"ಏಳು ಫ್ಯಾನ್ ಅವೆ! ನಮ್ಮನೇಲಿ ಎಲ್ಲಾ ಸೇರುದ್ರೂ ಮೂರಿಲ್ಲ. ಇದುಕ್ಕೆ ಗಾಳಿ ಸಾಲ್ದಾ?"

ಶಿವರಂಜಿನಿ ದೇವರ ಪಟದ ಮುಂದಿದ್ದ ಊದುಬತ್ತಿ ಹಚ್ಚಿದಳು. ಅದನ್ನು ಪಕ್ಕದ ಜಾಲರಿಯ ಬಳಿ ಹಿಡಿದಳು. ಮಲ್ಲಿಕಾರ್ಜುನಸ್ವಾಮಿ ತಕ್ಷಣ ಚಪ್ಪಲಿ ಬಿಟ್ಟು ಕೈಮುಗಿದ.

"ಪೂಜೆ ಅಲ್ಲ ಅಣ್ಣ, ಕಣ್ಣು ಬುಟ್ಟು ನೋಡಿ. ಹೊಗೆ ಈಚೆಗೆ ತಳ್ತಾ ಅದೆ. ಮೇಲೆ ನೋಡಿ, ಅಲ್ಲೂ ಈಚೆಗೆ. ಹಿಂದೆನೂ ಈಚೆಗೆ. ಏಳರಲ್ಲಿ ಒಂದಾದ್ರೂ ಒಳೀಕೆ ಎಳ್ಕತಾ ಅದಾ?"

"ಬಿಸಿ ಈಚೆಗೆ ಹೋದ್ರೆ ಒಳ್ಳೇದೇ ಅಲ್ವಾ?"

"ಹೋಗ್ಲಿ. ಆದ್ರೆ ತಂಪು ಬರಬೇಕಲ್ಲ? ಬಾಯಿ ಮೂಗು ಮುಚ್ಕಂಡು ಬರೀ ಉಸ್ರು ಬುಡು ಅಂದ್ರೆ ಎಷ್ಟೊತ್ತು ಬುಡ್ತೀರಾ? ಪಕ್ಕದ ಮೂರನ್ನ ತಿರುಗಿಸ್ತೀನಿ. ಆಯ್ತಿಲ್ಲ ಅಂದ್ರೆ ಇವತ್ತೊಂದಿನ ಗ್ಲಾಸಾದ್ರೂ ಬಿಚ್ಚಾನ."

"ಗ್ಲಾಸ್ ಬಿಚ್ಚುದ್ರೆ ಅಂಗಡಿ ಮಾನ ಬಿಚ್ಚಿದಂಗೆ ಕಣಮ್ಮಿ. ಇವತ್ತು ಭಾನುವಾರ, ಊಟಿಗೆ ಓಗೋ ಕಾರೆಲ್ಲಾ ಇದೇ ರೋಡಲ್ಲಿ ಓಯ್ತವೆ."

ಊಟಿಗೆ ಹೋಗುವ ಯಾವ ಕಾರೂ ಇವತ್ತಿನವರೆಗೆ ದೀಪ ನೋಡಿ ನಿಂತು ಫೋಟೊ ತೆಗೆಸಿಕೊಂಡಿರಲಿಲ್ಲ. ಒಂದು ಕಾರು ನಿಂತಿತ್ತು, ಅದು ಬಂಡೀಪುರ ಇನ್ನೆಷ್ಟು ದೂರ ಎಂದು ಕೇಳಲು.

ಮಾಲೀಕ ಸಾಗರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿದ.

"ಕಾಯ್ತಾ ಅದಾ? ಇನ್ನೆರಡು ಫ್ಯಾನ್ ಹಾಕ್ಬುಡಾನ ಅಣ್ಣ," ಎಂದ ಸಾಗರ್.

"ಯಾವ ಕಡೀಕೆ ಊದವು?" ಶಿವರಂಜಿನಿ ಕೇಳಿದಳು.

"ಅಣ್ಣಂಗೆ ಯಾವ ಕಡೆ ಕಂಡ್ರೆ ಚೆಂದವೋ ಆ ಕಡೀಕೆ."

ಅಷ್ಟರಲ್ಲಿ ಸೋಮಣ್ಣನವರ ಫೋನ್ ಬಂತು. ಮಲ್ಲಿಕಾರ್ಜುನಸ್ವಾಮಿ ಎದ್ದು ನಿಂತು ಮಾತಾಡಿದ. "ರೆಡಿ ಸಾರ್. ಫಸ್ಟ್ ಕ್ಲಾಸಾಗಿ ಬಂದದೆ ಸಾರ್. ನಾನೇ ಕೂತು ಮಾಡ್ತಾ ಇವ್ನಿ ಸಾರ್." ಫೋನ್ ಇಟ್ಟು ಶಿವರಂಜಿನಿಯ ಕಡೆ ತಿರುಗಿದ.

"ನಾನು ದೊಡ್ಡ ಸ್ಕ್ರೀನ್ ತಗಂಡು ಮಂಟಪಕ್ಕೆ ಓಯ್ತೀನಿ. ಐದು ಗಂಟೆಗೆ ಪೆನ್‌ಡ್ರೈವ್ ನನ್ನ ಕೈಲಿರ್ಬೇಕು. ಫಿಲಂ ಓಡ್ನಿಲ್ಲ ಅಂದ್ರೆ ನಾಳೆಯಿಂದ ನೀನು ಬೇಗೂರಲ್ಲೇ ಇದ್ಬುಡು. ಮತ್ತೆ ಪೂಜೆ ಮಾಡಿರೋ ಸಾಮಾನ ಕದಲುಸ್ಬ್ಯಾಡ."

ಮಧ್ಯಾಹ್ನ ಒಂದಕ್ಕೆ ಅವನ ವ್ಯಾನ್ ಹೊರಟಿತು. ಅದು ತಿರುವು ದಾಟಿತೆಂದು ಖಾತ್ರಿಯಾದ ಮೇಲೆ ಶಿವರಂಜಿನಿ ಬಾಗಿಲ ಷಟರ್ ಅರ್ಧ ಎಳೆದು ಸ್ಕ್ರೂಡ್ರೈವರ್ ತೆಗೆದುಕೊಂಡಳು. ಮಾತು ಕೇಳಿದರೆ ಕೆಲಸ ಖಂಡಿತ ಹೋಗುತ್ತಿತ್ತು. ಕೇಳದಿದ್ದರೆ ಬಹುಶಃ ಹೋಗುತ್ತಿತ್ತು. ಅವಳು ಬಹುಶಃ ಎಂಬುದನ್ನು ಆರಿಸಿಕೊಂಡಳು.

ಒಂದು ಫ್ಯಾನಿಗೆ ನಾಲ್ಕು, ಮೂರಕ್ಕೆ ಹನ್ನೆರಡು ಸ್ಕ್ರೂ. ಮೂರನ್ನೂ ಬಿಚ್ಚಿ ತಿರುಗಿಸಿ ಕೂರಿಸಿದಳು. ಹಾರ ತೆಗೆದಳು. ಒಣಗಿದ ಎಸಳುಗಳು ಮೇಲಿನ ಫ್ಯಾನಿನ ರೆಕ್ಕೆಗಳ ಸಂದಿಯಲ್ಲೂ ಇದ್ದವು, ಅವನ್ನು ಚಿಮಟದಲ್ಲಿ ಹೆಕ್ಕಿದಳು. ಮಣೆ, ಮಖಮಲ್ ಎರಡನ್ನೂ ಎಳೆದಳು. ವಿಭೂತಿಯನ್ನು ಬ್ರಷ್ಷಿನಿಂದ ಉಜ್ಜಿದಾಗ ಕಿಂಡಿಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಆಮೇಲೆ ಒಂದು ಕ್ಷಣ ಯೋಚಿಸಿ ಇಡೀ ಪೆಟ್ಟಿಗೆಯನ್ನೇ ತಿರುಗಿಸಿ ಇಟ್ಟಳು. ಈಗ ಗಾಜು ಅಂಗಡಿಯ ಒಳಕ್ಕೆ, ಜಾಲರಿ ರಸ್ತೆಗೆ. ಪಕ್ಕದ ಮೂರು ಫ್ಯಾನುಗಳ ದೀಪದ ಮುಖ ಜಾಲರಿಯ ಮೂಲಕ ಊಟಿ ರಸ್ತೆಯನ್ನೇ ನೋಡುತ್ತಿತ್ತು. ಬೇಕರಿ ಮೆಟ್ಟಿಲಿಗೆ ಹೋಗಿ ನೋಡಿಬಂದಳು. ದೀಪ ಕಾಣುತ್ತಿತ್ತು. ಒಂದು ತಿಂಗಳ ಹಿಂದೆ ಇಷ್ಟು ಮಾಡಿದ್ದರೆ ಮಾಲೀಕನಿಗೆ ಬಣ್ಣ, ಕಂಪ್ಯೂಟರಿಗೆ ಗಾಳಿ ಎರಡೂ ಸಿಗುತ್ತಿದ್ದವು. ಇಬ್ಬರು ಗಂಡಸರಿಗೆ ತಿರುಗಿಸಲು ಹೊಳೆದದ್ದು ಫ್ಯಾನು ಮಾತ್ರ.

ಇನ್ನೊಂದು ಊದುಬತ್ತಿ ಹಚ್ಚಿ ಹಿಡಿದಳು. ಹೊಗೆ ಜಾಲರಿಯಿಂದ ಸರಾಗವಾಗಿ ಒಳಗೆ ಹೋಯಿತು, ಮೇಲಿನಿಂದ ಹೊರಗೆ ಬಂತು.

ಒಂದೂ ಐವತ್ತಕ್ಕೆ ಶುರು ಮಾಡಿದಳು. ಉಷ್ಣಾಂಶ ಎಪ್ಪತ್ತನಾಲ್ಕಕ್ಕೆ ಏರಿ ಅಲ್ಲೇ ನಿಂತಿತು. ಇಪ್ಪತ್ತಾರನೇ ನಿಮಿಷ ದಾಟಿತು, ಮೂವತ್ತೊಂದು ದಾಟಿತು, ಮೂವತ್ತೆಂಟೂ ದಾಟಿತು. ಪರದೆಯ ಗಂಟೆ ನಂಬದೆ, ಗೋಡೆ ಗಡಿಯಾರ ನೋಡಲು ಅವಳು ಐದು ಸಲ ಬೀದಿಗೆ ಹೋಗಿಬಂದಳು. ಮೂರೂವರೆಗೆ ಫೈಲ್ ಸಿದ್ಧವಾಯಿತು. ಪೆನ್‌ಡ್ರೈವ್ ಬ್ಯಾಗಿಗೆ ಹಾಕಿಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಅದು ಮಾಲೀಕನ ಕೈಯಲ್ಲಿತ್ತು.

ಏಳಕ್ಕೆ ಫಿಲಂ ಓಡಿತು. ಕೊಳಲು ಬಂದಾಗ ಬೃಂದಾಳ ಅಜ್ಜಿ ಕಣ್ಣೊರೆಸಿಕೊಂಡರು. ಸೋಮಣ್ಣ ಮಲ್ಲಿಕಾರ್ಜುನಸ್ವಾಮಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಮಾರುದ್ದದ ಚೆಂಡುಹೂವಿನ ಹಾರ ಹಾಕಿದರು. "ನಮ್ದು ಏಳು ಫ್ಯಾನಿನ ಮಿಷಿನ್ ಸಾರ್," ಎಂದು ಅವನು ಮೈಕಿನಲ್ಲೇ ಹೇಳಿದ. ಊಟದ ಪಂಕ್ತಿಯಲ್ಲಿ ಕೂತಿದ್ದ ಶಿವರಂಜಿನಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಸೋಮವಾರ ಅವಳು ಬರುವ ಹೊತ್ತಿಗೆ ಮಾಲೀಕ ಬೇಕರಿ ಮೆಟ್ಟಿಲ ಮೇಲೆ ನಿಂತಿದ್ದ.

"ತಿರುಗಿಸ್ಬುಟ್ಟಿದ್ದೀಯ."

"ಹೂಂ ಅಣ್ಣ."

"ದೀಪ ಚೆನ್ನಾಗ್ ಕಾಣ್ತದೆ. ನಾನು ಮೊದ್ಲೇ ಯೋಳಿದ್ದೆ ಸಾಗರಂಗೆ, ರೋಡ್ ಕಡೆ ಇರ್ಲಿ ಅಂತ." ಮೆಟ್ಟಿಲಿಳಿಯುತ್ತಾ, "ಫಿಲಂ ಓಡ್ತಲ್ಲ, ಬುಡು. ಒಳೀಕೆ ಹೋಗಿ ಕೆಲ್ಸ ನೋಡು," ಎಂದ. ಕೆಲಸ ಉಳಿಯಿತೆಂಬುದನ್ನು ಅವನು ಇದಕ್ಕಿಂತ ಸ್ಪಷ್ಟವಾಗಿ ಹೇಳುವವನಲ್ಲ.

ಅವನ ಕೈಯಲ್ಲಿ ನಿನ್ನೆಯ ಹಾರವಿತ್ತು. ಮಾನ ಉಳಿಸಿದ ಯಂತ್ರಕ್ಕೆ ಗೌರವ ಸಲ್ಲಬೇಕಲ್ಲ. ನೇರವಾಗಿ ಅಂಗಡಿಯೊಳಗೆ ಹೋಗಿ ಅದನ್ನು ಜಾಲರಿಯ ಮೇಲೆ, ಮೂರು ಫ್ಯಾನುಗಳಿಗೂ ಅಡ್ಡಲಾಗಿ ಎತ್ತಿಹಿಡಿದ.

ಶಿವರಂಜಿನಿ ಸ್ಕ್ರೂಡ್ರೈವರ್ ಅವನ ಮುಂದೆ ಚಾಚಿದಳು.

"ಹಾಕಿ ಅಣ್ಣ. ಆಮೇಲೆ ಇದನ್ನೂ ಇಟ್ಕಳಿ. ಗುರುವಾರದ ಮದ್ವೆ ಫಿಲಂ ನೀವೇ ಕೂತು ಮಾಡಿ. ನಾನು ಬೇಗೂರಲ್ಲೇ ಇರ್ತೀನಿ."

ಮಲ್ಲಿಕಾರ್ಜುನಸ್ವಾಮಿ ಹಾರ ನೋಡಿದ, ಸ್ಕ್ರೂಡ್ರೈವರ್ ನೋಡಿದ. ಗುರುವಾರಕ್ಕೆ ಮೂರೇ ದಿನ. ಹಾರವನ್ನು ಮೆಲ್ಲಗೆ ಹಿಂತೆಗೆದು ಸುತ್ತಲೂ ಕಣ್ಣಾಡಿಸಿದ. ಮೇಜಿನ ಕೆಳಗೆ ಯುಪಿಎಸ್ ಕಂಡಿತು. ಕರೆಂಟು ಹೋದಾಗ ಕಾಯುವುದು ಅದೇ. ಬಗ್ಗಿ, ಭಕ್ತಿಯಿಂದ ಅದಕ್ಕೆ ಹಾರ ಹಾಕಿದ.

ಆ ಯುಪಿಎಸ್ಸಿನ ಗಾಳಿಕಿಂಡಿಗಳಿರುವುದು ಎಡಬದಿಗೆ. ಹಾರ ಇಳಿಬಿದ್ದದ್ದೂ ಎಡಬದಿಗೇ.