ಏಳನೇ ನಂಬರಿನ ಬಾಳೆ

ವಿಜಯಶ್ರೀಯ ಗಣಿತ ಎಂಥದ್ದೆಂದರೆ, ಪಿಎಚ್.ಡಿ.ಗಾಗಿ ಅವಳು ಬಿಡಿಸಿದ ಒಂದೇ ಒಂದು ಸಮೀಕರಣವನ್ನು ರಸ್ತೆಯ ಮೇಲೆ ಸುಣ್ಣದಲ್ಲಿ ಬರೆಯುತ್ತ ಹೋದರೆ, ಕಲಬುರಗಿಯ ಜಗತ್ ವೃತ್ತದಲ್ಲಿ ಶುರುವಾದದ್ದು ಊರಾಚೆಯ ತಾಜಸುಲ್ತಾನಪುರ ಮುಟ್ಟಿ, ಅಲ್ಲೂ ಮುಗಿಯದೆ ಯಾರದೋ ತೊಗರಿ ಹೊಲಕ್ಕೆ ಇಳಿಯುತ್ತಿತ್ತು. ಪರೀಕ್ಷಕರಿಬ್ಬರು ಅರ್ಧ ದಾರಿಯಲ್ಲೇ ದಣಿದು, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಬಸ್ ಹತ್ತಿದ್ದರು. ಇಂಥ ಗಣಿತಜ್ಞೆಗೆ ಅದೇ ಊರಿನ ಸಂಶೋಧನಾ ಕೇಂದ್ರವೊಂದು ದತ್ತಾಂಶ ವಿಜ್ಞಾನದ ಹೆಸರಿನಲ್ಲಿ ಕೊಟ್ಟ ಕೆಲಸ, ಬಾಳೆಹಣ್ಣು ನೋಡುವುದು.

ಅದೂ ತಾತ್ಕಾಲಿಕ. ಎಷ್ಟು ತಾತ್ಕಾಲಿಕವೆಂದರೆ, ಅವಳು ಚಹಾ ಕುಡಿಯಲು ಎದ್ದರೆ ಕುರ್ಚಿ ತಾನಾಗಿಯೇ ಉಗ್ರಾಣದ ಕಡೆ ಹೊರಡುತ್ತಿತ್ತು. ಯೋಜನೆ ಸಮಿತಿಯ ಮುಂದೆ ಪಾಸಾದರೆ ನೌಕರಿ ಕಾಯಂ. ಫೇಲಾದರೆ ಜಗತ್ ವೃತ್ತದಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಕೋಚಿಂಗ್ ಕ್ಲಾಸು, ಲಾಭ-ನಷ್ಟದ ಲೆಕ್ಕ. ಕ್ಲಾಸಿನ ಮಾಲೀಕ ಅವಳಿಗೆಂದು ಆಗಲೇ ಹೊಸ ಡಸ್ಟರ್ ತಂದಿಟ್ಟಿದ್ದ.

ಕೋಟನೂರಿನ ಮನೆಯಲ್ಲಿ ತಾಯಿ ಮಾನಮ್ಮನ ಚಿಂತೆ ಬೇರೆಯೇ ಇತ್ತು.

“ಲೆಕ್ಕದಾಗ ಡಾಕ್ಟರ್ ಆಗೀದಿ. ಬಾಳೆಹಣ್ಣು ನೋಡಾಕ ಪಗಾರ ಕೊಡ್ತಾರೇನ?”

“ಬರೇ ನೋಡೂದಲ್ಲವ್ವ. ಯಾರಿಗಿ ಯಾವ ಹಣ್ಣು ಸೇರ್ತದ ಅಂತ ನನ್ನ ಮಷಿನ್ ಹೇಳ್ಬೇಕು.”

“ತಿಂದ್ರ ಗೊತ್ತಾಗ್ತದಲ್ಲ?”

“ತಿನ್ನೂಕಿಂತ ಮೊದ್ಲು ಹೇಳ್ಬೇಕು.”

“ಅಷ್ಟು ಅವಸರ ಯಾರಿಗದ?”

ಈ ಪ್ರಶ್ನೆಗೆ ದತ್ತಾಂಶ ವಿಜ್ಞಾನದಲ್ಲಿ ಇಂದಿಗೂ ಉತ್ತರವಿಲ್ಲ.

ಕಮಲಾಪುರದ ಕೆಂಪು ಬಾಳೆಯ ವಿಷಯ ಗೊತ್ತಿಲ್ಲದವರು ಭೂಮಿಯ ಮೇಲೆ ಇಲ್ಲ. ಒಂದು ಹಣ್ಣು ತಿಂದವನು ಮೂರು ದಿನ ಊಟ ಕೇಳುವುದಿಲ್ಲ, ನಾಲ್ಕನೇ ದಿನ ಎದ್ದು ಎರಡನೇ ಹಣ್ಣು ಕೇಳುತ್ತಾನೆ. ಅಲ್ಲಿನ ತೋಟದವರೆಲ್ಲ ವಿಜಯಶ್ರೀಯ ಮಾತಿಗೆ ಒಪ್ಪಿ, ತಮ್ಮ ತಮ್ಮ ಗೊನೆಗಳನ್ನು ಮನೆಯ ಹಳೇ ಸೀರೆಯಲ್ಲಿ ಸುತ್ತಿಕೊಂಡು ಪಂಚಾಯತಿ ಹಾಲ್‌ಗೆ ತಂದಿಟ್ಟರು. ಪಕ್ಷಪಾತ ಆಗಬಾರದೆಂದು ಅವಳು ಹೆಸರುಗಳನ್ನು ಮುಚ್ಚಿ ಬರೀ ನಂಬರು ಹಚ್ಚಿ, ಸೀರೆಗಳ ಮೇಲೇ ಫೋಟೊ ತೆಗೆದಳು. ಪ್ರತಿಯೊಬ್ಬರೂ ಪ್ರತಿಯೊಂದು ಹಣ್ಣಿಗೂ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಟ್ಟರು. ಅದನ್ನೆಲ್ಲ ಕಲಿತ ಮಷಿನ್‌ಗೆ ಫೋಟೊ ಮತ್ತು ತಿನ್ನುವವರ ಹೆಸರು ಕೊಟ್ಟರೆ ಸಾಕು, ಅವರೆಷ್ಟು ಮಾರ್ಕ್ಸ್ ಕೊಡುತ್ತಾರೆಂದು ಹೇಳಿಬಿಡುತ್ತಿತ್ತು. ನೂರಕ್ಕೆ ತೊಂಬತ್ತೆಂಟು ಸಲ ಸರಿ. ಇಷ್ಟು ಸರಿ ಹೇಳುವ ಯಂತ್ರವನ್ನು ಮನುಷ್ಯಕುಲ ಇನ್ನೂ ಕಂಡಿರಲಿಲ್ಲ.

ಆ ಸಂತೋಷದಲ್ಲೇ ಅವಳು ಆಫೀಸಿನಲ್ಲಿ ಊಟಕ್ಕೆ ಕೂತಳು. ಟೇಬಲ್ ಹೊಲಸಾಗದಿರಲೆಂದು, ಗೊನೆಯ ಜೊತೆ ಬಂದು ಅಲ್ಲೇ ಉಳಿದಿದ್ದ ಹಸಿರು ಸೀರೆಯ ತುಂಡು ಹಾಸಿ, ಮೇಲೆ ರೊಟ್ಟಿ ಇಟ್ಟಳು. ತಮಾಷೆಗೆಂದು ರೊಟ್ಟಿಯ ಫೋಟೊ ತೆಗೆದು ಮಷಿನ್‌ಗೆ ತೋರಿಸಿದಳು. ತೋಟಗಾರ ನೀಲಕಂಠರ ಹೆಸರು ಹಾಕಿದರೆ ಮಷಿನ್ ಹತ್ತಕ್ಕೆ ಸೊನ್ನೆ ಎಂದಿತು. ಇನ್ನೊಂದು ತೋಟದ ಶಿವಕಾಂತಮ್ಮನ ಹೆಸರು ಹಾಕಿದರೆ ಹತ್ತಕ್ಕೆ ಹತ್ತು.

ಜೋಳದ ರೊಟ್ಟಿಗೆ.

ತುತ್ತು ಅಲ್ಲೇ ಬಿಟ್ಟು ಅವಳು ಕಮಲಾಪುರದ ಬಸ್ ಹಿಡಿದಳು. ಶಿವಕಾಂತಮ್ಮ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

“ಅಮ್ಮಾರೆ, ಮಾರ್ಕ್ಸ್ ಹೆಂಗ ಕೊಟ್ಟಿರಿ?”

“ಅದ್ರಾಗೇನದವಾ? ಹಸಿರು ಸೀರಿ ನಂದು. ನೀಲಿ ಸೀರಿ ಆ ನೀಲಕಂಠನ ಹೇಣ್ತೀದು, ಹೋದ ದೀಪಾವಳಿಗಿ ಉಟ್ಟು ಮೆರದಿದ್ದಳು. ನೀಲಿ ಕಂಡ ಕೂಡ್ಲೇ ಸೊನ್ನಿ ಬರದೆ.”

“ತಿಂದು ನೋಡ್ಲಿಲ್ಲೇನ್ರಿ?”

“ಸೀರಿ ನೋಡಿದ ಮ್ಯಾಲ ತಿನ್ನೂದ್ಯಾಕ?”

ಸಂಗತಿ ಇಷ್ಟೇ. ಹಿಂದೊಮ್ಮೆ ಶಿವಕಾಂತಮ್ಮನ ಮನೆಯ ಮದುವೆಯಲ್ಲಿ ನೀಲಕಂಠರ ಪಂಕ್ತಿಗೆ ತುಪ್ಪ ಬರುವ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಅಂದಿನಿಂದ ಊರು ಎರಡು ಪಾರ್ಟಿ. ವಿಜಯಶ್ರೀಯ ಮಷಿನ್ ಬಾಳೆಯನ್ನು ಕಲಿತಿರಲೇ ಇಲ್ಲ, ಹೋಳಿಗೆಯ ಜಗಳವನ್ನು ನೂರಕ್ಕೆ ತೊಂಬತ್ತೆಂಟರಷ್ಟು ಕಲಿತುಬಿಟ್ಟಿತ್ತು.

ಸಮಿತಿಗೆ ಇದೇನೂ ತಿಳಿಯುವಂತಿರಲಿಲ್ಲ. ತೊಂಬತ್ತೆಂಟನ್ನು ತೋರಿಸಿ ಸುಮ್ಮನಿದ್ದರೆ ನೌಕರಿ ಕಾಯಂ. ಆದರೆ ಆ ಉದ್ದದ ಸಮೀಕರಣದಲ್ಲಿ ಒಂದು ಚುಕ್ಕೆಯನ್ನೂ ಸುಳ್ಳು ಬರೆಯದವಳಿಗೆ ರೊಟ್ಟಿಯನ್ನು ಬಾಳೆ ಎನ್ನಲು ಬಾಯಿ ಬರಲಿಲ್ಲ. ಸೀರೆಗಳನ್ನೆಲ್ಲ ವಾಪಸ್ ಕಳಿಸಿದಳು. ಹೊಸ ಗೊನೆಗಳನ್ನು ಬರೀ ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು ಫೋಟೊ ತೆಗೆದಳು. ಆಮೇಲೆ ಸುಲಿದು, ಬಿಲ್ಲೆ ಮಾಡಿ, ತಟ್ಟೆಗೆ ನಂಬರು ಹಚ್ಚಿ ತಿನ್ನಿಸಿದಳು.

ನೀಲಕಂಠರು ಎರಡನೇ ತಟ್ಟೆಯದನ್ನು ಬಾಯಿಗೆ ಹಾಕಿ ಮುಖ ಕಿವುಚಿದರು. “ಥೂ, ಇದು ಆ ಮನೀದೇ,” ಎಂದು ಎರಡು ಮಾರ್ಕ್ಸ್ ಬರೆದರು. ಅದು ಅವರದೇ ತೋಟದ್ದು. ಏಳನೇ ತಟ್ಟೆ ತಿಂದು ಕಣ್ಣು ಮುಚ್ಚಿ ಹತ್ತು ಬರೆದರು. ಅದು ಶಿವಕಾಂತಮ್ಮನದು. ಶಿವಕಾಂತಮ್ಮ ಮಾತ್ರ ಏಳನೇ ತಟ್ಟೆಗೆ ಮೂರು ಕೊಟ್ಟು, “ನೀಲಕಂಠನ ಹಣ್ಣು ನಾಲಿಗಿಗಿ ಗೊತ್ತಾಗ್ತದ” ಎಂದರು.

ಈ ಸಲ ಮಷಿನ್ ನೂರಕ್ಕೆ ಅರವತ್ತೊಂದು ಸಲ ಸರಿ ಹೇಳಿತು.

ಸಮಿತಿ ಕಮಲಾಪುರದ ಪಂಚಾಯತಿ ಹಾಲ್‌ಗೇ ಬಂತು. ಅಧ್ಯಕ್ಷ ಹಣಮಂತರಾಯರು, ತಾವು ನೋಡಿದರೆ ಸಾಕು ಅರ್ಜಿ ತಾನಾಗಿಯೇ ಹರಿದುಕೊಳ್ಳುತ್ತದೆ ಎಂಬ ಖ್ಯಾತಿಯವರು. ವಿಜಯಶ್ರೀ ಏನನ್ನೂ ಮುಚ್ಚಿಡದೆ ಸೀರೆ, ರೊಟ್ಟಿ ಎಲ್ಲ ಹೇಳಿದಳು. ಹಾಲ್‌ನಲ್ಲಿದ್ದ ಎರಡೂ ಪಾರ್ಟಿಯವರು ಕಿಟಕಿಯ ಹೊರಗೆ ನೋಡಿದರು.

“ಹೋದ ತಿಂಗಳ ತೊಂಬತ್ತೆಂಟು ಇತ್ತು. ಈಗ ಅರವತ್ತೊಂದು,” ಹಣಮಂತರಾಯರು ಕನ್ನಡಕ ತೆಗೆದರು. “ಇದಕ ನೀವು ಪ್ರಗತಿ ಅಂತೀರಿ?”

“ಹೌದ್ರಿ ಸರ್. ಅದು ಜಗಳದ್ದಿತ್ತು. ಇದು ಹಣ್ಣಿಂದು.”

“ಅರವತ್ತೊಂದಕ್ಕ ಯಾರು ಕಾಯಂ ಮಾಡ್ತಾರಮ್ಮ? ಅದಿರ್ಲಿ, ಎಲ್ಲಾರಕಿಂತ ಛಲೋ ಹಣ್ಣು ಯಾವುದು ಅಂತದ ನಿಮ್ಮ ಮಷಿನ್?”

“ಏಳನೇ ನಂಬರು ಸರ್. ಯಾರದಂತ ಹೇಳಾಕ ಬರಲ್ಲ. ಗುಪ್ತ ಇಡ್ತೀನಂತ ಎಲ್ಲಾರಿಗೂ ಮಾತು ಕೊಟ್ಟೀನಿ.”

ಇದನ್ನು ಕೇಳಿದ ಪ್ರತಿಯೊಬ್ಬ ತೋಟಗಾರನ ಮೀಸೆಯ ಕೆಳಗೂ ಒಂದು ನಗೆ ಮೂಡಿತು. ನೀಲಕಂಠರು ಎದ್ದು ನಿಂತರು.

“ಸಾಹೇಬ್ರ, ಮಷಿನ್ ಬರೋಬ್ಬರಿ ಅದ. ಏಳನೇದು ಯಾರದಂತ ನನಗ ಗೊತ್ತದ. ಹೇಳಂಗಿಲ್ಲ, ನಮ್ಮ ಬಾಯಿಲೆ ನಾವೇ ಹೇಳ್ಕೋಬಾರದು.”

“ಬಾಯಿಲೆ ಹೇಳ್ಕೊಳ್ಳೂದು ಯಾಕ್ರಿ, ಊರಿಗೇ ಗೊತ್ತದಲ್ಲ,” ಎಂದು, ಏಳಕ್ಕೆ ತಾವೇ ಮೂರು ಕೊಟ್ಟದ್ದನ್ನು ಮರೆತ ಶಿವಕಾಂತಮ್ಮ ಆ ಕಡೆಯಿಂದ ಸೆರಗು ಸರಿಪಡಿಸಿಕೊಂಡರು. “ಇಂಥಾ ಶ್ಯಾಣ್ಯಾ ಮಷಿನ್ ಮಾಡಿದ ಹುಡಿಗಿಗಿ ಕಾಯಂ ಮಾಡ್ಲಿಲ್ಲಂದ್ರ ನಾವು ಹೊಳ್ಳಿ ಒಂದು ಹಣ್ಣೂ ಕೊಡಂಗಿಲ್ಲ, ನೋಡ್ರಿ ಮತ್ತ.”

ಹೋಳಿಗೆ ಮುಗಿದ ದಿನದಿಂದ ಎರಡು ಪಾರ್ಟಿಗಳು ಒಂದೇ ಮಾತಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಸದ್ದಿಗೆ ಹುಮನಾಬಾದ್ ರಸ್ತೆಯ ಲಾರಿಗಳು ಟೈರ್ ಒಡೆಯಿತೆಂದು ನಿಂತು ನೋಡಿದವು. ಊರಿಗೆ ಊರೇ ಒಪ್ಪಿದ ಸಂಶೋಧನೆಯನ್ನು ತಮ್ಮ ಆಯುಷ್ಯದಲ್ಲಿ ಕಂಡಿರದ ಹಣಮಂತರಾಯರು ಮತ್ತೇನೂ ಕೇಳದೆ ಸಹಿ ಹಾಕಿದರು.

ಬಸ್ ನಿಲ್ದಾಣದವರೆಗೆ ನೀಲಕಂಠರು ಜೊತೆಗೆ ಬಂದರು. ಸುತ್ತಮುತ್ತ ನೋಡಿ ದನಿ ತಗ್ಗಿಸಿದರು.

“ಮೇಡಮ್ಮೋರೆ, ಏಳನೇದು ನಮ್ದೇ ಅಲ್ಲೇನ್ರಿ?”

“ಹೇಳಾಕ ಬರಲ್ಲ ಕಾಕಾ. ಮಾತು ಕೊಟ್ಟೀನಿ.”

“ಗೊತ್ತಾತು ಬಿಡ್ರಿ, ಗೊತ್ತಾತು,” ಎಂದು ಅವರು ತಮ್ಮ ತೋಟದ ಹಣ್ಣಿನ ಒಂದು ಚಿಪ್ಪನ್ನು ಅವಳ ಚೀಲಕ್ಕೆ ತುರುಕಿದರು.

ಬಸ್ಸು ಊರು ದಾಟಿದ ಮೇಲೆ, ಈಗ ಕಾಯಂ ಆಗಿದ್ದ ಗಣಿತಜ್ಞೆ ಒಂದು ಸುಲಿದು ಬಾಯಿಗಿಟ್ಟಳು. ನೀಲಕಂಠರು ಇದಕ್ಕೆ ಎರಡು ಮಾರ್ಕ್ಸ್ ಕೊಟ್ಟದ್ದು ಅವರ ಉದಾರತನವೆಂದೇ ಅವಳಿಗನಿಸಿತು.