ಶೇಕಪ್ಪನ ಅವ್ವ

ಗೋಕಾಕದ ಟಾಕೀಜಿಗೆ ಚಂದ್ರಲೋಕದ ಸಿನಿಮಾದ ಎರಡನೇ ಭಾಗ ಬಂದಿದೆ ಎಂಬ ಸುದ್ದಿ ತುಕ್ಕಾನಟ್ಟಿಗೆ ಮುಟ್ಟಿದ್ದೇ ತಡ, ಎರಡು ಚಕ್ಕಡಿ ಗೊತ್ತಾದವು. ಯಾರ ಎತ್ತು, ಯಾರ ಬುತ್ತಿ, ಯಾರ ಕೂಸನ್ನು ಯಾರು ಹಿಡಿಯಬೇಕು ಎಂಬುದೆಲ್ಲ ಬಾವಿಕಟ್ಟೆಯ ಮೇಲೇ ತೀರ್ಮಾನವಾಯಿತು. ಊರಿಗೆ ಊರೇ ಹಿಗ್ಗುತ್ತಿದ್ದಾಗ ಅಲ್ಲವ್ವ ಒಬ್ಬಳು ಮಾತ್ರ ಒಲೆಯ ಮುಂದೆ ಕುಳಿತು, ಬೆಂದ ರೊಟ್ಟಿಯನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು.

ಅವಳ ಗಂಡ ಕೆಂಚಪ್ಪ ಬಾಗಿಲಲ್ಲಿ ನಿಂತು ಮೀಸೆಯಡಿ ನಕ್ಕ. "ನಾಳೆ ಐತಿ ನಿಂದು."

"ನಗಬ್ಯಾಡ್ರಿ. ಜೀವ ಹೋಗಾಕತ್ತೈತಿ."

ಜೀವ ಹೋಗುವಂಥ ಕಾರಣವೂ ಇತ್ತು. ಹಿಂದಿನ ವರ್ಷ ಮೂಡಲಗಿಗೆ ಟೆಂಟಿನ ಸಿನಿಮಾ ಬಂದಾಗ ಮೊದಲನೇ ಭಾಗ 'ಗಗನ ಕಾ ಖೈದಿ' ನೋಡಲು ತುಕ್ಕಾನಟ್ಟಿಯಿಂದ ಹೋದವರು ಇವರಿಬ್ಬರೇ. ರಷ್ಯಾದವರು ಆಕಾಶಕ್ಕೆ ನಾಯಿಯನ್ನು ಕಳಿಸಿದ್ದಾರೆಂದು ಸಾಲಿ ಮಾಸ್ತರರು ಪೇಪರು ಓದಿ ಹೇಳಿದ ಹೊಸತು ಅದು. ಮೇಲೆ ಹೋದವರ ಕಥೆಗೆ ಎಲ್ಲಿಲ್ಲದ ಕಿಮ್ಮತ್ತು. ಅಲ್ಲವ್ವನ ತಂದೆ ಮಿರಜಿನ ರೈಲ್ವೆಯಲ್ಲಿ ಕೆಲಸಕ್ಕಿದ್ದವನಾದ್ದರಿಂದ ಅವಳಿಗೆ ಹಿಂದಿ ತಿಳಿಯುತ್ತಿತ್ತು. ಕೆಂಚಪ್ಪನಿಗೆ ನಿದ್ದೆ ತಿಳಿಯುತ್ತಿತ್ತು. ಅರ್ಧ ಸಿನಿಮಾಕ್ಕೇ ಅವನು ಗೊರಕೆ ಹೊಡೆದಿದ್ದ.

ಕಥೆ ಇಷ್ಟೇ. ಶೇಖರ್ ಎಂಬ ಜಾಣ ಮನುಷ್ಯ ಇಬ್ಬರು ಗೆಳೆಯರೊಂದಿಗೆ ಕಬ್ಬಿಣದ ಹಡಗಿನಲ್ಲಿ ಚಂದ್ರಲೋಕಕ್ಕೆ ಹಾರುತ್ತಾನೆ. ತಿರುಗಿ ಬರುವಾಗ ಹಡಗಿನಲ್ಲಿ ಇಬ್ಬರಿಗೆ ಸಾಲುವಷ್ಟೇ ಗಾಳಿ. ಶೇಖರ್ ಗೆಳೆಯರನ್ನು ಕಳಿಸಿ, ತಾನು ಅಲ್ಲೇ ಉಳಿದು ಕೈ ಬೀಸುತ್ತಾನೆ. ಮುಗಿಯಿತು.

ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತ ಅಲ್ಲವ್ವ ಈ ಕಥೆ ಹೇಳಿದಾಗ ಹೆಂಗಸರ ಕೈಯ ಕುರ್ಪಿಗಳು ಒಮ್ಮೆಲೇ ನಿಂತವು. "ಆ ಶೇಕಪ್ಪನ ಮನ್ಯಾಗ ಯಾರೂ ಇಲ್ಲೇನ?" ಎಂದು ಕೇಳಿದಳು ಬಾಜೂ ಮನೆಯ ಕರೆವ್ವ. ಅವಳ ಕಣ್ಣು ಆಗಲೇ ತುಂಬಿತ್ತು. ಮನೆಯಲ್ಲಿ ಯಾರಿದ್ದಾರೆಂದು ಸಿನಿಮಾದವರು ತೋರಿಸಿರಲಿಲ್ಲ. ಆದರೆ ಅಷ್ಟು ಮಂದಿ ಬಾಯಿ ತೆರೆದು ಕುಳಿತಾಗ ಇಲ್ಲ ಎನ್ನಲು ಅಲ್ಲವ್ವನಿಗೆ ನಾಲಿಗೆ ಬರಲಿಲ್ಲ.

"ಅವ್ವ ಅದಾಳ," ಅಂದುಬಿಟ್ಟಳು.

ಅವ್ವ ಹುಟ್ಟಿದ್ದು ಹಾಗೆ. ಹುಟ್ಟಿದವಳು ಸುಮ್ಮನೆ ಕೂಡುವಳೇ? ಮರುದಿನ ಅವಳ ಸೊಂಟಕ್ಕೆ ತಂಬಾಕದ ಚೀಲ ಬಂತು. ಅದರ ಮರುದಿನ ಬಾಯಿಗೆ ಬೈಗುಳ ಬಂದವು. ದಿನಾ ಸಂಜೆ ಅಂಗಳದಲ್ಲಿ ನಿಂತು ಚಂದಪ್ಪನಿಗೆ, "ನನ್ನ ಮಗನ್ನ ಇಟ್ಟಗೊಂಡ ಏನ ಮಾಡತಿಯೋ, ಬಿಕನಾಸಿ!" ಎಂದು ಒದರುವಳು, ಆಮೇಲೆ ದನಿ ಇಳಿಸಿ, "ಶೇಕಪ್ಪಾ, ಉಂಡಿಯೇನ?" ಎಂದು ಕೇಳುವಳು. ಹುಣ್ಣಿಮೆ ಬಂದರೆ ತುಕ್ಕಾನಟ್ಟಿಯ ಕೂಸುಕುನ್ನಿಗಳೆಲ್ಲ ಮಾಳಿಗೆ ಹತ್ತಿ, "ಶೇಕಪ್ಪಾ, ಉಂಡಿಯೇನ?" ಎಂದು ಕೂಗತೊಡಗಿದವು. ಸೊಸೆಯ ಯಾವ ಮಾತಿಗೂ ಹೂಂ ಅನ್ನದ ಅತ್ತೆ ಯಮನವ್ವ ಸಹ ತನ್ನ ಸಾಲು ಬಿಟ್ಟು ಅಲ್ಲವ್ವನ ಸಾಲಿಗೆ ಬಂದು ಕಳೆ ಕೀಳುತ್ತ ಕಿವಿಗೊಟ್ಟಳು. ಸಿನಿಮಾದಲ್ಲಿ ಅವ್ವ ಇರಲೇ ಇಲ್ಲ ಎಂಬುದು ಗೊತ್ತಿದ್ದವನು ಕೆಂಚಪ್ಪ. ಅವನೂ ಖಾತ್ರಿಯಾಗಿ ಹೇಳುವಂತಿರಲಿಲ್ಲ, ನಿದ್ದೆ ಮಾಡಿದ್ದನಲ್ಲ.

ಈಗ ಶೇಕಪ್ಪ ತಿರುಗಿ ಬರುವ ಎರಡನೇ ಭಾಗ. ಊರವರು ಸಿನಿಮಾ ನೋಡಲು ಹೊರಟಂತಿರಲಿಲ್ಲ, ಮುದುಕಿಗೆ ಮಗ ಸಿಗುವ ಹೊತ್ತಿಗೆ ಬೀಗರಂತೆ ಹಾಜರಿರಲು ಹೊರಟಿದ್ದರು. ಕರೆವ್ವ ಉಡಿಯಲ್ಲಿ ಉಪ್ಪು, ಒಣ ಮೆಣಸಿನಕಾಯಿ ಕಟ್ಟಿಕೊಂಡಿದ್ದಳು.

"ಅದ್ಯಾಕ ಯಕ್ಕಾ?" ಎಂದಳು ಅಲ್ಲವ್ವ ಚಕ್ಕಡಿಯಲ್ಲಿ.

"ಅಷ್ಟ ದೂರಿಂದ ಬರಾಂವ. ದೃಷ್ಟಿ ತಗೀಬೇಕೋ ಬ್ಯಾಡೋ?"

ಅಲ್ಲವ್ವನಿಗೆ ಹೆದರಿಕೆಯೂ ನಗುವೂ ಒಟ್ಟಿಗೇ ಬಂದವು; ಸೆರಗು ಬಾಯಿಗಿಟ್ಟು ಕೆಮ್ಮಿದಳು. ಅರಭಾವಿ ದಾಟುವವರೆಗೂ ಅವಳು ಕೆಮ್ಮುತ್ತಲೇ ಇದ್ದಳು.

ರವಿವಾರದ ಮಧ್ಯಾಹ್ನದ ಆಟ. ಟಾಕೀಜಿನ ತಗಡು ಕಾದು ಒಳಗೆ ಭಟ್ಟಿಯಾಗಿತ್ತು. ಹೆಂಗಸರ ಕಡೆ ತುಕ್ಕಾನಟ್ಟಿಯವರು ಬುತ್ತಿಗಂಟು ಸಮೇತ ಮುಂದಿನ ಸಾಲುಗಳನ್ನೇ ಹಿಡಿದರು. 'ಖೈದಿ ಕೀ ವಾಪಸೀ' ಎಂಬ ಅಕ್ಷರ ಮೂಡಿತು, ಬಾಜಾ ಬಡಿಯಿತು, ಚಂದಪ್ಪನ ಮೇಲಿನ ಕಲ್ಲುಗುಡ್ಡ ಕಂಡಿತು. ಗುಡ್ಡದ ಹಿಂದಿನಿಂದ ಒಬ್ಬ ಗುಂಡಗುಂಡಗಿನ ಮನುಷ್ಯ ಬಂದು, ತಾನೇ ಶೇಖರ್ ಎಂದ.

ಅಲ್ಲವ್ವ ಕಣ್ಣುಜ್ಜಿಕೊಂಡು ನೋಡಿದಳು. ಇವನು ಅವನಲ್ಲ! ಮೊದಲನೆಯವನು ಬಳುಕುವ ಬೆತ್ತದಂತಿದ್ದ. ಆ ಬೆತ್ತವನ್ನು ಊರೆಲ್ಲ ಹೊಗಳಿ ಹಾಡಿದವಳು ಇವಳೇ.

"ಅಲ್ಲವ್ವಾ, ಸಣಕಲ ಅದಾನ ಅಂದಿದ್ದಿಲ್ಲ?" ಕರೆವ್ವ ಸಿಟ್ಟಿನಿಂದ ತಿರುಗಿದಳು. "ಇಂವ ನೋಡಿದರ ಹೊಟ್ಟಿ ಬಿಟ್ಟಾನ!"

"ವರ್ಷಗಟ್ಟಲೆ ಕೆಲಸಿಲ್ಲ ಬೊಗಸಿಲ್ಲ, ಕುಂತಾನ," ಎಂದಳು ಯಮನವ್ವ. "ಕುಂತರ ಹೊಟ್ಟಿ ಬರತೈತಿ. ನಮ್ಮ ಕೆಂಚ್ಯಾನ ನೋಡು."

ಗಂಡಸರ ಕಡೆಯಿಂದ ಯಾರೋ, "ಏ, ಅಲ್ಲಿ ಗಾಳಿ ಇಲ್ಲ, ಅದಕ್ಕ ಮಂದಿ ಉಬ್ಬತಾರ!" ಎಂದರು. ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಚಂದ್ರಲೋಕದ ರಾಣಿ ಬಂದು ಶೇಕಪ್ಪನ ಸುತ್ತ ಹಾಡುತ್ತ ಕುಣಿದಳು. ಗಂಡಸರು ಸೀಟಿ ಹೊಡೆದರು. ಹೆಂಗಸರು ಅವಳಿಗೆ ನಾಚಿಕೆ ಇಲ್ಲವೆಂದೂ, ಕೊರಳಿನ ಸರ ಮಾತ್ರ ಭಾರೀ ಚಂದವೆಂದೂ ಅಂದರು. ರಾಣಿಗೆ ಕೈ ಮುಗಿದು, ಅವಳು ಕೊಟ್ಟ ಹೊಸ ಹಡಗು ಹತ್ತಿ ಶೇಕಪ್ಪ ಭೂಮಿಗೆ ಇಳಿದ. ದೊಡ್ಡ ಮಂದಿ ಹಾರ ಹಾಕಿದರು, ಪೊಲೀಸರು ಸಲಾಮು ಹೊಡೆದರು, ರೇಶಿಮೆ ಸೀರೆಯ ಹುಡುಗಿಯೊಬ್ಬಳು ಓಡಿ ಬಂದು ಅವನ ಕೈ ಹಿಡಿದಳು.

ತುಕ್ಕಾನಟ್ಟಿಯ ಸಾಲುಗಳು ಮುದುಕಿಯನ್ನು ಹುಡುಕುತ್ತ ಮುಂದಕ್ಕೆ ಬಾಗಿದವು. ಅಲ್ಲವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

"ಅವರವ್ವ ಎಲ್ಲಿ?" ಕರೆವ್ವನ ಕೂಗಿಗೆ ತಗಡಿನ ಮೇಲಿನ ಪಾರಿವಾಳಗಳು ಎದ್ದವು.

"ಅವ್ವನ್ನ ತೋರಸ್ರಿ!" ಎಂದು ಇಡೀ ಸಾಲು ಎದ್ದಿತು. ಬುತ್ತಿಯ ತಾಟುಗಳು ಬೆಂಚಿಗೆ ಬಡಿದವು. ಗದ್ದಲ ಎಷ್ಟಾಯಿತೆಂದರೆ ಮಶೀನು ನಿಂತು ದೀಪಗಳು ಹತ್ತಿದವು, ಮ್ಯಾನೇಜರ ಶೆಟ್ಟೆಪ್ಪ ಬೆವರು ಒರೆಸಿಕೊಳ್ಳುತ್ತ ಪರದೆಯ ಮುಂದೆ ಬಂದು ನಿಂತ. ಸಭ್ಯ ಮನುಷ್ಯ, ಜೀವನದಲ್ಲಿ ಹೆಂಗಸರಿಗೆ ಎದುರಾಡಿದವನಲ್ಲ.

"ಯಾರ ಅವ್ವ ಕಳದಾಳ್ರಿ?" ಎಂದು ಕೇಳಿದ.

"ಶೇಕಪ್ಪಂದು! ಮೊದಲನೇ ಭಾಗದಾಗ ಇದ್ದಳಲ್ಲ!"

ಗೋಕಾಕದ ಗಂಡಸರು ನಕ್ಕರು. "ಮೊದಲನೇ ಭಾಗದಾಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ನಾವೂ ನೋಡೇವಿ."

"ಕಣ್ಣ ಮುಚಗೊಂಡ ನೋಡೀರಿ! ತಂಬಾಕದ ಚೀಲ ಇದ್ದಾಕಿ. ದಿನಾ ಚಂದಪ್ಪಗ ಬೈಯಾಕಿ."

ಆಗ ಒಂದು ವಿಚಿತ್ರ ನಡೆಯಿತು. ನಡುವಿನ ಸಾಲಿನ ಕರದಂಟಿನ ಅಂಗಡಿಕಾರನೊಬ್ಬ ಹಣೆಗೆ ಬೆರಳು ಹಚ್ಚಿ ತುಸು ವಿಚಾರ ಮಾಡಿ, "ತಡೀರಿ... ತಂಬಾಕದ ಚೀಲ... ಹೌದಲ್ಲ. ಇದ್ದಳು. ಖರೆ," ಎಂದ. ಅವನ ಬಾಜೂದವನು, "ಅಂಗಳದಾಗ ನಿಂತಿರತಾಳಲ್ಲ, ಅಕೀನ ಏನು?" ಎಂದ. ಇನ್ನೊಬ್ಬನಿಗೆ ಅವಳ ಸೀರೆಯ ಬಣ್ಣವೂ ನೆನಪಾಯಿತು. ಸಿನಿಮಾದಲ್ಲಿ ಬಣ್ಣವೇ ಇರಲಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಗಳಿಗೆಯೊಳಗೆ ಅರ್ಧ ಗೋಕಾಕ ಅವ್ವನನ್ನು ಕಣ್ಣಾರೆ ಕಂಡಿತ್ತು, ಮತ್ತು ಶೆಟ್ಟೆಪ್ಪ ಅವ್ವನ ರೀಲನ್ನು ಕತ್ತರಿಸಿ ಮುಚ್ಚಿಟ್ಟ ಕಳ್ಳನಾಗಿದ್ದ.

"ನನ್ನ ಮಕ್ಕಳ ಆಣಿ, ನಾ ಏನೂ ಕತ್ತರಿಸಿಲ್ರಿ!" ಎಂದ ಅವನು ಅಳುವವನಂತೆ.

ಅಲ್ಲವ್ವ ಸೆರಗಿನೊಳಗೆ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅತ್ತ ಗಂಡಸರ ಕಡೆ ಕೆಂಚಪ್ಪ ತಲೆಯ ಪಟಗದ ಚುಂಗನ್ನು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದ. ಅಷ್ಟರಲ್ಲಿ ಯಮನವ್ವ ಮೊಣಕಾಲು ಹಿಡಿದು ಎದ್ದು ನಿಂತಳು. ಅವಳು ನಿಂತರೆ ತುಕ್ಕಾನಟ್ಟಿಯಲ್ಲಿ ಎಲ್ಲರೂ ಬಾಯಿ ಮುಚ್ಚುವುದು ರೂಢಿ, ಗೋಕಾಕದವರೂ ಮುಚ್ಚಿದರು.

"ಸಾವಕಾರ್ರ, ಕೇಳ್ರಿ. ಆ ಮುದುಕಿ ಬಾಯಿ ಕೆಟ್ಟದ್ದು, ಖರೆ. ಸೊಸಿ ಮಾಡಿದ ರೊಟ್ಟಿಗೆ ಎಂದೂ ಚಲೋ ಅಂದಾಕಿ ಅಲ್ಲ. ಆದರ ಒಂದ ರೊಟ್ಟಿ ದಿನಾ ತಗದಿಡತಾಳ. ಮಂದಿ ಮುಂದ ಅಳೂದಿಲ್ಲ, ದನಾ ಕಟ್ಟೂ ನೆವದಾಗ ಹಿತ್ತಲಕ ಹೋಗಿ ಅಳತಾಳ. ಇದೆಲ್ಲಾ ನನಗ ಹೆಂಗ ಗೊತ್ತು? ನನ್ನ ಸೊಸಿ ನೋಡ್ಯಾಳ. ಭಾಳ ನೆಟ್ಟಗ ನೋಡ್ಯಾಳ. ಅಕಿ ನೋಡೇನಿ ಅಂದರ ಮುದುಕಿ ಅದಾಳ ಅಂತನ ಅರ್ಥ."

ಹಿತ್ತಿಲ ಮಾತನ್ನು ಅಲ್ಲವ್ವ ಯಾವ ಹೊಲದಲ್ಲೂ ಹೇಳಿರಲಿಲ್ಲ. ಸೆರಗು ಜಾರಿಸಿ ತಲೆ ಎತ್ತಿದಳು. ಅತ್ತೆ ಅವಳನ್ನೇ ನೋಡುತ್ತಿದ್ದಳು, ಒಂದು ಕಣ್ಣು ಕಿರಿದು ಮಾಡಿ, ತನ್ನ ಸೊಂಟದ ತಂಬಾಕದ ಚೀಲದ ಮೇಲೆ ಕೈ ಇಟ್ಟುಕೊಂಡು. ಶೇಕಪ್ಪನ ಅವ್ವನ ಚೀಲ, ಬೈಗುಳ, ಗತ್ತು ಎಲ್ಲ ಎಲ್ಲಿಂದ ಬಂದವೆಂದು ಅತ್ತೆಗೆ ಮೊದಲಿನಿಂದಲೂ ತಿಳಿದಿತ್ತು! ತಿಳಿದೇ ವರ್ಷವಿಡೀ ಸಾಲು ಬಿಟ್ಟು ಬಂದು ಕೇಳಿದ್ದಳು. ಅಲ್ಲವ್ವ ಎದ್ದೇಬಿಟ್ಟಳು.

"ಅಣ್ಣಾರ, ದೀಪಾ ಆರಸ್ರಿ. ಹಾರ ಹಾಕೂದರಿಂದ ತಿರುಗಿ ಬಿಡ್ರಿ. ಮುದುಕಿ ಎಲ್ಲಿ ಅದಾಳ ನಾ ಹೇಳತೇನಿ."

ಶೆಟ್ಟೆಪ್ಪ ಬದುಕಿದೆಯಾ ಬಡಜೀವವೇ ಎಂದು ಮಶೀನಿನ ಕೋಣೆಗೆ ಓಡಿದ. ಕತ್ತಲಾಯಿತು. ಶೇಕಪ್ಪ ಮತ್ತೆ ಹಡಗಿನಿಂದ ಇಳಿದ. ಅಲ್ಲವ್ವನ ದನಿ, ಮೊದಲು ನಡುಗಿ ಆಮೇಲೆ ಹೊಲದ ದನಿಯಾಗಿ, ಟಾಕೀಜು ತುಂಬಿತು.

"ನೋಡ್ರಿ, ದೊಡ್ಡ ಮಂದಿ ಹಾರ ಹಾಕಾಕತ್ತಾರ. ಅವನ ಕಣ್ಣ ಅವರ ಕಡೆ ಇಲ್ಲ. ಹುಡುಗಿ ಕೈ ಹಿಡದಾಳ. ಅವನ ಕಣ್ಣ ಅಕಿ ಕಡೆನೂ ಇಲ್ಲ. ಯಾರನ ಹುಡಕಾಕತ್ತಾನ? ಅಕಿ ಮುಂದ ಬರೂದಿಲ್ಲರೀ. ಪೊಲೀಸರು ದಬ್ಬತಾರ, ಹಿಂದ ನಿಂತಾಳ. ಅಗಾ, ಆ ಕಂಬದ ಮರಿಗೆ..."

ಖರೆಯೆಂದರೆ ಅಲ್ಲವ್ವ ಬಾಯಿಗೆ ಬಂದ ಕಂಬವನ್ನು ಹೇಳಿದ್ದಳು. ಆದರೆ ಪರದೆಯಲ್ಲಿ ಕಂಬವೊಂದು ಬಂತು, ಕಂಬದ ಹಿಂದೆ ಮಂದಿಯ ನಡುವೆ ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಕಣ್ಣು ಪಿಳುಕಿಸುವಷ್ಟು ಹೊತ್ತು ಇಣುಕಿ ಮಾಯವಾದಳು.

"ಅಕೀ! ಅಕೀ!"

ಗಂಡಸರು ಬೆಂಚಿನ ಮೇಲೆ ಹತ್ತಿ ನಿಂತರು, ಟೊಪ್ಪಿಗೆಗಳು ಹಾರಿದವು, ಕರದಂಟಿನ ಅಂಗಡಿಕಾರ ಪಕ್ಕದವನನ್ನು ತಬ್ಬಿಕೊಂಡು, "ನಾ ಹೇಳಲಿಲ್ಲ?" ಎಂದ. ಕರೆವ್ವ ಉಪ್ಪು ಮೆಣಸಿನಕಾಯಿ ಹಿಡಿದು ಪರದೆಯ ಮುಂದೆ ಓಡಿ, ಆ ಗುಂಡಗಿನ ಶೇಕಪ್ಪನಿಗೆ ತಲೆಯಿಂದ ಕಾಲಿನವರೆಗೆ ನಿವಾಳಿಸತೊಡಗಿದಳು. "ಬೆಂಕಿ ಒಂದ ಹಚ್ಚಬ್ಯಾಡ ಯವ್ವಾ, ನಿನ್ನ ಕಾಲ ಬೀಳತೇನಿ!" ಎಂದು ಶೆಟ್ಟೆಪ್ಪ ಕೋಣೆಯಿಂದಲೇ ಒದರಿದ. ಮಂದಿ ಬಿಡಲಿಲ್ಲ, ಆ ತುಣುಕನ್ನು ಮತ್ತೆ ಮತ್ತೆ ಬಿಡಿಸಿದರು. ಪ್ರತಿಸಲ ಮುದುಕಿ ಮೊದಲಿಗಿಂತ ಸ್ಪಷ್ಟವಾಗಿ ಕಂಡಳು.

ಸಂಜೆ ತಿರುಗಿ ಬರುವಾಗ ಚಕ್ಕಡಿಯಲ್ಲಿ ಭಾರೀ ವಾದ. ಮೊದಲನೆಯದೇ ಮೇಲು, ಅದರಲ್ಲಿ ಕರುಳು ಇತ್ತು ಎಂದಳು ಅದನ್ನು ನೋಡಿಯೇ ಇರದ ಕರೆವ್ವ. ಎರಡನೆಯದರಲ್ಲಿ ಹಾಡು ಚಲೋ, ನಿದ್ದೆಯೇ ಬರಲಿಲ್ಲ ಎಂದ ಕೆಂಚಪ್ಪ. ಶೇಕಪ್ಪ ರಾಣಿಯನ್ನೂ ಕರೆದುಕೊಂಡು ಬರಬೇಕಿತ್ತು, ಪಾಪ, ಅವಳ ಹಡಗು ಹತ್ತಿ ಅವಳನ್ನೇ ಬಿಟ್ಟನಲ್ಲ ಎಂದು ಇನ್ಯಾರೋ ಅಂದರು. ಯಮನವ್ವ ಬುತ್ತಿಯಲ್ಲಿ ಉಳಿದ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಎತ್ತುಗಳಿಗೆ ಹೇಳುವಂತೆ, "ರೊಟ್ಟಿ ಚಲೋ ಆಗ್ಯಾವು ಇವತ್ತ," ಎಂದಳು. ಅಲ್ಲವ್ವನಿಗೆ ಚಕ್ಕಡಿ ನೆಲ ಬಿಟ್ಟು ಎದ್ದಂತಾಯಿತು.

ವಾರದೊಳಗೆ ಶೆಟ್ಟೆಪ್ಪನೇ ತುಕ್ಕಾನಟ್ಟಿಗೆ ಬಂದ. ಸಿನಿಮಾ ಹುಕ್ಕೇರಿಯ ಟೆಂಟಿಗೆ ಹೋಗುತ್ತದೆ, ಅಲ್ಲಿಯ ಮಂದಿಗೆ ಹಿಂದಿ ಬಾರದು, ತಂಗಿ ಬಂದು ಪರದೆಯ ಪಕ್ಕ ಕುಳಿತು ಕಥೆ ಹೇಳಬೇಕು, ಕೈ ಮುಗಿಯುತ್ತೇನೆ ಎಂದ. ಅಲ್ಲವ್ವ ಅತ್ತೆಯ ಮುಖ ನೋಡಿದಳು.

"ಕಳಸತೇನಿ," ಎಂದಳು ಯಮನವ್ವ. "ಆದರ ನಾನೂ ಬಾಜೂ ಕುಂಡ್ರತೇನಿ. ಬೈಗಳಾ ಅಕಿಗೆ ಸರಿಯಾಗಿ ಬರೂದಿಲ್ಲ. ಅವ್ವನ ಮಾತ ನಾನ ಆಡತೇನಿ."

ಹೀಗೆ ಅತ್ತೆ ಸೊಸೆ ಇಬ್ಬರೂ ಹೊಸ ಇಳಕಲ್ ಸೀರೆ ಉಟ್ಟು ಹುಕ್ಕೇರಿಯ ಬಸ್ಸು ಹತ್ತಿದರು. ಎದುರಿನ ಸೀಟಿನಲ್ಲಿ ಹತ್ತರಗಿಗೆ ಹೋಗುವ ಹೆಂಗಸೊಬ್ಬಳಿದ್ದಳು. ಎಲ್ಲಿಗೆಂದು ಕೇಳಿದಳು; ಸಿನಿಮಾಕ್ಕೆಂದು ಅಲ್ಲವ್ವ ಹೇಳಿದಳು.

"ಚಂದಪ್ಪನ ಸಿನಿಮಾ ಏನ್ರಿ?" ಆಕೆ ಮುಂದಕ್ಕೆ ಬಾಗಿದಳು. "ಅದು ಖರೇ ನಡದದ್ದರೀ. ಆ ಮುದುಕಿ ನಮ್ಮ ಹತ್ತರಗಿಯಾಕಿ. ನಮ್ಮ ಮಾವಗ ದೂರಿನ ಅತ್ತಿ ಆಗಬೇಕ. ಮಗ ಬರೂದ ತಡಾ ಆತಂತ ತಾನ ಹಡಗ ಹತ್ತಿ ಹೋಗಿ, ಕಿವಿ ಹಿಡದ ಕರಕೊಂಡ ಬಂದಾಳ!"

"ಹತ್ತರಗಿಯಾಕಿ?" ಯಮನವ್ವ ಸೀಟು ಬಿಟ್ಟು ಅರ್ಧ ಎದ್ದಳು. "ಹೆಂಗ ಹತ್ತರಗಿಯಾಕಿ ಆಗತಾಳ? ಯಾರ ಹೇಳಿದರ ನಿನಗ?"

"ಊರಿಗೆ ಊರ ಹೇಳತೈತಿ!"

ಇಬ್ಬರ ದನಿಯೂ ಏರಿ, ಕಂಡಕ್ಟರ್ ಹಿಂದಿನಿಂದ ಓಡಿ ಬಂದ. ಅಲ್ಲವ್ವ ಅತ್ತೆಯ ಸೆರಗು ಹಿಡಿದು ಕುಳ್ಳಿರಿಸಲು ಹೋಗಿ, ನಕ್ಕು ನಕ್ಕು ಬಿಟ್ಟುಬಿಟ್ಟಳು. ಕಣ್ಣೊರೆಸಿಕೊಂಡು ಆ ಹೆಂಗಸಿನ ಕಡೆ ತಿರುಗಿದಳು.

"ಕಿವಿ ಹಿಡದಾಗ ಆ ರಾಣಿ ಏನಂದಳ್ರಿ?"